ಕೊರವಂಜಿಯ ಒಡವೆ

ನಮ್ಮ ಗಡಿಸೀಮೆಯ ಶಾಲೆಗಳ ವಾರ್ಷಿಕೋತ್ಸವದಲ್ಲಿ ಕೊರವಂಜಿ ಬಾರದ ವರ್ಷ ಅಪರೂಪ. ಮಂತ್ರಾಲಯ ಹತ್ತಿರವಿರುವುದರಿಂದಲೋ, ತಿರುಪತಿಯ ಯಾತ್ರೆ ಮನೆಮನೆಯ ವಾಡಿಕೆಯಾದ್ದರಿಂದಲೋ, ಶ್ರೀನಿವಾಸ ಕಲ್ಯಾಣದ ಕಥೆಯನ್ನು ಮಾಧವರಂ ಕಡೆಯ ಮಕ್ಕಳು ಕನ್ನಡದಲ್ಲಿಯೂ ಕೇಳಿರುತ್ತಾರೆ, ತೆಲುಗಿನಲ್ಲಿಯೂ ಕೇಳಿರುತ್ತಾರೆ. ಶ್ರೀನಿವಾಸನು ಕಣಿ ಹೇಳುವವಳ ವೇಷ ತೊಟ್ಟು ಆಕಾಶರಾಜನ ಅರಮನೆಗೆ ಹೋಗುವ ಸನ್ನಿವೇಶವೇ ಅದರ ಜೀವಾಳ. ಕನ್ನಡಕ್ಕೆ ಅವಳು ಕೊರವಂಜಿ, ತೆಲುಗಿಗೆ ಎರುಕಲಸಾನಿ. ಈ ಪಾತ್ರವನ್ನು ಉಪಾಧ್ಯಾಯರಾದ ನಾವು ಹೇಗೆ ಓದಿದೆವು, ಮಕ್ಕಳಿಗೆ ಹೇಗೆ ಓದಿಸಿದೆವು ಎಂಬುದು ಪ್ರಕೃತ ವಿಚಾರ.

ಸಾಮಾನ್ಯವಾಗಿ ನಾವು ಅವಳನ್ನು ವಿನೋದಕ್ಕೆ ಸೇರಿಸಿಬಿಡುತ್ತೇವೆ. ಬುಟ್ಟಿ, ಕಾಡಿಗೆಯಿಂದ ಬರೆದ ಹಚ್ಚೆ, ಎಳೆದು ಎಳೆದು ಆಡುವ ಮಾತು, ಸಭೆ ನಗುತ್ತದೆ. ಆದರೆ ಪಾತ್ರದ ಗತ್ತು ಬೇರೆಯೇ. ಅವಳು ಅರಮನೆಯೊಳಗೆ ಅಳುಕಿಲ್ಲದೆ ನಡೆಯುತ್ತಾಳೆ. ರಾಣಿಯ ಎದುರು ಕುಳಿತು ಮನೆಯವರೇ ಅರಿಯದ ಮಗಳ ಮನಸ್ಸನ್ನು ಬಿಡಿಸಿ ಹೇಳುತ್ತಾಳೆ. ದೇವರು ತನ್ನ ಕಾರ್ಯಸಾಧನೆಗೆ ಆರಿಸಿಕೊಂಡದ್ದು ಋಷಿಯ ವೇಷವನ್ನಲ್ಲ, ಈಕೆಯ ವೇಷವನ್ನು.

ವೇಷದ ಒಳಗಿನ ಹೆಂಗಸಿಗೆ ಮನೆ ಮಠ ಉಂಟೇ? ನಮ್ಮ ಶಾಲೆಯ ರಂಗದ ಮೇಲೆ ಇಲ್ಲ. ಕಣಿ ಮುಗಿಯಿತು, ಅವಳು ಹೋದಳು. ತಮಿಳಿನ ತಿರುಕುಟ್ರಾಲ ಕುರವಂಜಿಯನ್ನು ನೋಡಿದರೆ ಕೊರತೆ ತಿಳಿಯುತ್ತದೆ. ಅಲ್ಲಿ ಗಂಡ ಸಿಂಗ ಅವಳನ್ನು ಹುಡುಕುತ್ತ ಬರುತ್ತಾನೆ. ಹೆಂಡತಿಯ ಮೈಮೇಲೆ ಹೊಸ ಒಡವೆಗಳನ್ನು ಕಂಡು, ಇದು ಎಲ್ಲಿಯದು, ಅದು ಎಲ್ಲಿಯದು ಎಂದು ಒಂದೊಂದನ್ನೇ ಕೇಳುತ್ತಾನೆ. ಕಣಿ ಹೇಳಿ ಪಡೆದ ಸಂಭಾವನೆ ಎಂದು ಅವಳು ಪ್ರತಿಯೊಂದಕ್ಕೂ ಲೆಕ್ಕ ಕೊಡುತ್ತಾಳೆ. ವಿಮರ್ಶಕರು ಇದನ್ನು ಸರಸಸಂವಾದ ಎನ್ನುವರು. ಅದು ಸರಿಯೇ. ಆದರೆ ತಾನು ದುಡಿದದ್ದು ತನ್ನದೆಂದು ಕೊರವ ಹೆಂಗಸೊಬ್ಬಳು ಹೇಳಿ, ಕೇಳಿದವನು ನಂಬುವ ಸ್ಥಳವೂ ಅದೇ. ಈ ಭಾಗವನ್ನು ನಮ್ಮ ಪ್ರದರ್ಶನಗಳಲ್ಲಿ ನಾನು ಕಾಣೆ.

ರಂಗದ ಹೊರಗೆ ಅದೇ ಪ್ರಶ್ನೆಯನ್ನು ಬೇರೊಬ್ಬರು ಕೇಳಿದರು, ಉತ್ತರವನ್ನು ನಂಬಲಿಲ್ಲ. ಕೊರವರಲ್ಲಿ ಒಂದು ಪಂಗಡದವರು ಉಪ್ಪು ಕೊರವರು. ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ತಂದು, ಹಿಂದಿರುಗುವಾಗ ಧಾನ್ಯ ಒಯ್ಯುತ್ತಿದ್ದರು. ಸರ್ಕಾರದ ಉಪ್ಪಿನ ನೀತಿಯೂ ರೈಲೂ ಕೂಡಿ ಆ ವ್ಯಾಪಾರವನ್ನು ನುಂಗಿದವು. ಆದವಾನಿಯ ಮೇಲೆ ಹೋಗುವ ಮದರಾಸು–ಮುಂಬಯಿ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಉತ್ತರ ಹಿಂದೂಸ್ಥಾನಕ್ಕೆಂದು ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿದ್ದೂ ಅದೇ ವರ್ಷ. 1911ರ ಕಾಯಿದೆ ಅದನ್ನು ಮದರಾಸು ಪ್ರಾಂತಕ್ಕೂ ತಂದಿತು. ಆಗ ನಮ್ಮ ಆದವಾನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಹುಟ್ಟಿನಿಂದಲೇ ಕಳ್ಳನೆಂಬ ಪಟ್ಟಿ, ಹಾಜರಿ, ಊರು ಬಿಡಲು ಚೀಟಿ. ಗುಂಟೂರಿನ ಸ್ಟುವರ್ಟ್‌ಪುರದಂಥ ವಸಾಹತುಗಳು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಕಾಯಿದೆಯಲ್ಲಿತ್ತು. ಶಾಲೆ ಎಂಬ ಮಾತು ಅಲ್ಲಿ ಶಿಕ್ಷೆಗೆ ಇನ್ನೊಂದು ಹೆಸರು. ಮದರಾಸಿನಲ್ಲಿ 1947ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು ಕಾಯಿದೆ ಹೋಯಿತು.

ಕಾಯಿದೆ ಹೋದರೂ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ಸಹಾಯಕ ಉಪಾಧ್ಯಾಯನಾಗಿದ್ದಾಗ, ಇದೇ ಕೊರವಂಜಿ ಆಟವನ್ನು ಕಲಿಸುತ್ತಿದ್ದೆ. ತಾಲೀಮಿನ ದಿನ ಪಾತ್ರಕ್ಕೆ ತಂದಿದ್ದ ಗಿಲೀಟಿನ ಸರ ಕಾಣೆಯಾಯಿತು. ಕೊರವರ ಕೇರಿಯ ಹುಡುಗಿಯೊಬ್ಬಳು ಹಿಂದೆ ಕುಳಿತು ಆಟ ನೋಡುತ್ತಿದ್ದಳು. ಮೊದಲು ಬಿಚ್ಚಿಸಿದ್ದು ಅವಳ ಚೀಲವನ್ನೇ. ಬಿಚ್ಚಿಸಿದವನು ನಾನು. ಸರ ಹಾರ್ಮೋನಿಯಂ ಪೆಟ್ಟಿಗೆಯ ಅಡಿಯಲ್ಲಿತ್ತು. ಅವಳು ಉತ್ಸವಕ್ಕೆ ಬರಲಿಲ್ಲ. ಆಮೇಲೆ ಶಾಲೆಗೆ ಬಂದಳು, ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಆ ಪಾತ್ರವನ್ನು ಅವಳಿಗೆ ಕೊಡಬಹುದೆಂಬ ಯೋಚನೆ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಕೊಟ್ಟಿದ್ದರೆ ನ್ಯಾಯವಾಗುತ್ತಿತ್ತೇ, ಅದೂ ಒಂದು ಅವಮಾನವೇ ಆಗುತ್ತಿತ್ತೇ, ಇಂದಿಗೂ ನನಗೆ ನಿರ್ಧಾರವಾಗಿಲ್ಲ.

ಆಸ್ಟ್ರೇಲಿಯದಲ್ಲಿಯೂ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ಮನೆಗಳಿಂದ ಒಯ್ದಿತ್ತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಅದಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನಮ್ಮಲ್ಲಿ ಆಗಸ್ಟ್ 31ನ್ನು ವಿಮುಕ್ತಿ ದಿನವೆಂದು ಆ ಸಮುದಾಯಗಳೇ ಆಚರಿಸುತ್ತವೆ. ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲಿಯೂ ಆಚರಿಸಿದ್ದಿಲ್ಲ. ಗಡಿಯ ವಿಚಿತ್ರವನ್ನೂ ಇಲ್ಲಿಯೇ ಹೇಳಬೇಕು. ತುಂಗಭದ್ರೆಯ ಈ ದಡದಲ್ಲಿ ಎರುಕಲರು ಪರಿಶಿಷ್ಟ ಪಂಗಡ. ಆ ದಡದ ರಾಯಚೂರು ಸೀಮೆಯಲ್ಲಿ ಅವರ ನೆಂಟರಾದ ಕೊರಮ ಕೊರಚರು ಪರಿಶಿಷ್ಟ ಜಾತಿ. ಪಟ್ಟಿಗಳು ಬದಲಾದರೂ ಬೈಗುಳ ಎರಡು ದಡಕ್ಕೂ ಒಂದೇ.

ಹೋದ ವರ್ಷ ಉತ್ಸವಕ್ಕೆ ಮುಂಚೆ ಕೇರಿಯ ಹಿರಿಯ ಹೆಂಗಸೊಬ್ಬರನ್ನು ತರಗತಿಗೆ ಕರೆದೆ. ಮಕ್ಕಳು ನಿಜವಾದ ಕಣಿಯನ್ನು ಕೇಳಲಿ ಎಂದು ನನ್ನ ಆಸೆ.

“ಅವ್ವಾ, ಒಂದಿಷ್ಟು ಕಣಿ ಹೇಳ್ರಿ” ಎಂದೆ.

“ಅದು ನಮ್ಮ ಅತ್ತಿ ಕಾಲಕ್ಕೇ ಹೋತು ಸಾರ್. ನನಗ ಬರಂಗಿಲ್ಲ. ಬುಟ್ಟಿ ಹೆಣೆಯೋದು ತೋರಸ್ತೀನಿ” ಎಂದರು.

ನಾನೂ ಅವರಲ್ಲಿ ಕೊರವಂಜಿಯನ್ನೇ ಹುಡುಕಿದ್ದೆನೆಂದು ಆಗ ಹೊಳೆಯಿತು. ಬಿದಿರು ಸೀಳುತ್ತ ಅವರು ಮುತ್ತಜ್ಜನ ಉಪ್ಪಿನ ಕತ್ತೆಗಳ ಮಾತು ತೆಗೆದರು. ಮನೆಯಲ್ಲಾಡುವ ಕುರ್ರು ಭಾಷೆಯಲ್ಲಿ ಬುಟ್ಟಿಗೆ, ಬಿದಿರಿಗೆ, ಕತ್ತೆಗೆ ಏನೆನ್ನುವರೆಂದು ಮಕ್ಕಳು ಕೇಳಿದರು. ತಮಿಳಿಗೆ ಹತ್ತಿರದ ಆ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ನಾನು ಕರಿಹಲಗೆಯ ಮೇಲೆ ಬರೆದದ್ದರಲ್ಲಿ ಎರಡು ತಪ್ಪಿದ್ದವು. ಅವರ ಮೊಮ್ಮಗ ಎದ್ದು ಬಂದು ತಿದ್ದಿದನು.