ಗಾಲ್‌ಬ್ರೇತರ ಪತ್ರಗಳು: ವಿನೋದವೂ ವಿವೇಕವೂ

ಜಾನ್ ಕೆನೆತ್ ಗಾಲ್‌ಬ್ರೇತ್ ಅವರು 1961ರಿಂದ 1963ರವರೆಗೆ ದೆಹಲಿಯಲ್ಲಿ ಅಮೆರಿಕದ ರಾಯಭಾರಿಗಳಾಗಿದ್ದರು. ಅಲ್ಲಿಂದ ಅವರು ಅಧ್ಯಕ್ಷ ಕೆನಡಿಯವರಿಗೆ ಬರೆದ ಪತ್ರಗಳನ್ನೊಳಗೊಂಡ ಸಂಕಲನವು 1998ರಲ್ಲಿ ಪ್ರಕಟವಾಯಿತು. ಈ ಪತ್ರಗಳ ವಿನೋದವನ್ನು ಮೆಚ್ಚದವರು ವಿರಳ. ಆದರೆ ಅದು ಕೇವಲ ಅಲಂಕಾರವಲ್ಲವೆಂದು ನಾವು ಭಾವಿಸುತ್ತೇವೆ. ವಿದೇಶಾಂಗ ಇಲಾಖೆಗೆ ಕಳುಹಿಸುವ ತಂತಿಯು ಹಲವರ ಕೈ ದಾಟಿ ಹೋಗುವಂಥದು. ಈ ಪತ್ರಗಳಿಗಾದರೋ ಉದ್ದಿಷ್ಟ ವಾಚಕರು ಒಬ್ಬರೇ, ಅವರೂ ಬಿಡುವಿಲ್ಲದವರು. ಅಂಥವರ ಗಮನವನ್ನು ಸೆಳೆದು ಅಪ್ರಿಯವಾದುದನ್ನು ಹೇಳುವುದಕ್ಕೆ ನಗೆಯೇ ಇಲ್ಲಿ ಸಾಧನವಾಗಿದೆ. 1961ರ ನವೆಂಬರಿನಲ್ಲಿ ಸೈಗಾನಿಗೆ ಹೋಗಿಬಂದ ತರುವಾಯ, ವಿಯೆಟ್ನಾಮಿಗೆ ಅಮೆರಿಕದ ಸೇನೆಯನ್ನು ಕಳುಹಿಸಬಾರದೆಂದು ಅವರು ವಾದಿಸಿದರು. 1962ರ ಏಪ್ರಿಲಿನಲ್ಲಿ ರಾಜಕೀಯ ಪರಿಹಾರವನ್ನು ಮತ್ತೆ ಸೂಚಿಸಿದರು. ಅಂತಹ ಸಂದರ್ಭಗಳಲ್ಲಿ ವಿನೋದವು ಹಿಂದೆ ಸರಿದು ತರ್ಕವು ಬಿಗಿಯಾಗುತ್ತದೆ.

ಆತ್ಮಪ್ರತ್ಯಯವು ಅಲ್ಲಲ್ಲಿ ಮಿತಿಮೀರಿರುವುದು ಈ ಬರವಣಿಗೆಯ ದೋಷ. ಆ ಸಲಹೆಯೂ ಗೆಲ್ಲಲಿಲ್ಲ. 1965ರಲ್ಲಿ ಅಮೆರಿಕದ ಕಾಲಾಳು ಪಡೆಗಳು ಅಲ್ಲಿ ಬಂದಿಳಿದವು. ಆದರೆ ಸಲಹೆಯ ಸೋಲಿನಿಂದಲೇ ಪತ್ರವನ್ನು ಅಳೆಯುವುದು ನ್ಯಾಯವಲ್ಲ. ತನ್ನನ್ನು ನೇಮಿಸಿದವರಿಗೇ ಅವರು ಕೇಳಬಯಸದ ಮಾತನ್ನು ಸ್ಪಷ್ಟವಾಗಿ, ಸಕಾಲದಲ್ಲಿ ಹೇಳಿದನೇ ಎಂಬುದೇ ರಾಯಭಾರಿಯ ಪತ್ರಕ್ಕೆ ಒರೆಗಲ್ಲು. ಆ ಪರೀಕ್ಷೆಯಲ್ಲಿ ಈ ಪತ್ರಗಳು ಉತ್ತೀರ್ಣವಾಗುತ್ತವೆ.