ಗಾಳದ ಪರಿಭಾಷೆ ಮತ್ತು ಗಡಿನಾಡ ಕನ್ನಡ

ಟ್ರೌಟ್ ಮೀನನ್ನು ಸೆಳೆಯಲು ಗಾಳದ ಮುಳ್ಳಿಗೆ ಗರಿ, ಉಣ್ಣೆ, ರೇಷ್ಮೆದಾರಗಳನ್ನು ಸುತ್ತಿ ಕೀಟದ ಆಕಾರ ಕಟ್ಟುವ ಕಸುಬು ಪ್ರಾಚೀನವಾದುದು. ಮ್ಯಾಸಿಡೋನಿಯಾದವರು ಮುಳ್ಳಿಗೆ ಕೆಂಪು ಉಣ್ಣೆ ಸುತ್ತಿ ಎರಡು ಹುಂಜದ ಗರಿಗಳನ್ನು ಕೂಡಿಸುತ್ತಿದ್ದುದನ್ನು ಕ್ರಿ.ಶ. 200ರ ಸುಮಾರಿನ ಏಲಿಯನ್ ವರ್ಣಿಸಿದ್ದಾನೆ. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಕೈಪಿಡಿಯು ಇಂತಹ 12 ಬಗೆಗಳನ್ನು ಹೇಳುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಫ್ಲೈ’ ಎಂದೇ ಹೆಸರು.

ಇದನ್ನು ‘ಕೃತಕ ನೊಣ’ವೆಂದು ಕನ್ನಡಿಸಿದರೆ ಪದ ದೊರೆಯುತ್ತದೆ, ಅರ್ಥ ಜಾರುತ್ತದೆ. ಕನ್ನಡದ ನೊಣ ಎಂಜಲಿಗೆ ಮುತ್ತುವಂಥದು. ಈ ಕಟ್ಟುಗಳು ಹೆಚ್ಚಾಗಿ ಅನುಕರಿಸುವುದು ನೀರಿನಲ್ಲೇ ಬೆಳೆದು ರೆಕ್ಕೆ ಮೂಡಿ ಮೇಲೇಳುವ ಕೀಟಗಳನ್ನು. ತೇಲುವ ಬಗೆಯನ್ನು ‘ಒಣ ನೊಣ’, ಮುಳುಗುವುದನ್ನು ‘ಒದ್ದೆ ನೊಣ’ ಎಂದರಂತೂ ಓದುಗನಿಗೆ ನಗೆಯಷ್ಟೇ ಉಳಿದೀತು.

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಟ್ರೌಟ್ ಇಲ್ಲ. ಅದು ತಣ್ಣೀರಿನ ಮೀನು. ಉತ್ತರ ಪಿನಾಕಿನಿ ಮಳೆಯನ್ನು ನಂಬಿದ ನದಿ, ಕೆರೆಗಳ ನೀರು ಬೆಚ್ಚನೆಯದು. ಗರಿಯ ಕಟ್ಟು ಕಣ್ಣನ್ನು ವಂಚಿಸುವಂಥದು. ಕದಡಿದ ನೀರಿನಲ್ಲಿ ಅದಕ್ಕಿಂತ ವಾಸನೆಯುಳ್ಳ ನಿಜವಾದ ಎರೆಯೇ ಮೇಲು. ಆದರೆ ಬೇಕಾದ ಪದಗಳು ಕನ್ನಡ ತೆಲುಗುಗಳು ಬೆರೆತ ಈ ನೆಲದಲ್ಲೇ ಇವೆ. ಕನ್ನಡದ ಗಾಳ ತೆಲುಗಿನಲ್ಲಿ ಗಾಲಮು. ಎರೆ ಅಲ್ಲಿ ಎರ. ಬಲೆ ಅಲ್ಲಿ ವಲ. ಬೆಂಡು ಎರಡರಲ್ಲೂ ಬೆಂಡು. ಇವನ್ನು ಒಬ್ಬರು ಇನ್ನೊಬ್ಬರಿಂದ ಪಡೆದ ಸಾಲವೆನ್ನುವುದಕ್ಕಿಂತ ಒಂದೇ ಮನೆತನದ ಪಾಲೆನ್ನುವುದು ಯುಕ್ತ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಪ್ರಕರಣದಲ್ಲಿ ಗಾಳದ ಸಾಧನಗಳನ್ನೂ ಮೀನಿನ ಬಗೆಗೆ ತಕ್ಕ ಆಹಾರವನ್ನೂ ವಿವರಿಸಿದನು. ಅಲ್ಲಿನ ಹಲವು ಮೀನುಗಳ ಹೆಸರು ದೇಸಿ ಮಾತಿಗೆ ತೊಡಿಸಿದ ಸಂಸ್ಕೃತದ ಉಡುಪು. ಆ ಉಡುಪಿನಿಂದ ಪದ ಉಳಿಯಿತು, ಆಡುವವನು ಮರೆಯಾದನು. ಇಂದಿನ ಪರಿಭಾಷಾಕಾರರೂ ‘ಕೃತಕ’ದಂತಹ ಪದಗಳಿಗೆ ಕೈಚಾಚುವಾಗ ಅದೇ ಹಾದಿ ಹಿಡಿಯುತ್ತಾರೆ.

‘ಹುಸಿಯೆರೆ’ ಎಂದರೆ ಸಾಕು. ತೇಲುವ ಹುಸಿಯೆರೆ, ಮುಳುಗುವ ಹುಸಿಯೆರೆ ಎಂದಾಗ ವಸ್ತುವಿನ ಕೆಲಸವೇ ಹೆಸರಾಗುತ್ತದೆ. ಉಣ್ಣೆಯನ್ನು ದಾರಕ್ಕೆ ಹೊಸೆಯುವುದು, ಒಡಲು ಸುತ್ತುವುದು, ಹುಂಜದ ಕತ್ತುಗರಿ ಕಟ್ಟುವುದು: ಇವಕ್ಕೆ ಹೊಸ ಪದ ಬೇಡವೇ ಬೇಡ.

ಗಡಿನಾಡಿನ ಕನ್ನಡ ಶಾಲೆಯಲ್ಲಿ ಮಗು ‘ಎರ’ ಎಂದು ಬರೆದರೆ ತೆಲುಗೆಂದು ಹೊಡೆದುಹಾಕುವುದು ಸುಲಭ. ಹಾಗೆ ಹೊಡೆದುಹಾಕಿದಾಗ ಮಗುವಿನ ತಪ್ಪಿನೊಡನೆ ಎರೆಯ ನಂಟೂ ಅಳಿಸಿಹೋಗುತ್ತದೆ. ಪಕ್ಕದಲ್ಲಿ ‘ಎರೆ’ಯನ್ನು ಬರೆದು ಎರಡನ್ನೂ ಉಳಿಸುವುದೇ ಗಡಿನಾಡ ಪರಿಭಾಷೆಯ ಮೊದಲ ಪಾಠವಾಗಬೇಕು.