ಹೆಸರಿಗೆ ಅಂಟಿದ ದೋಷ

ಪದಾರ್ಥವನ್ನು ಅರಿಯಲು ಜೈನದರ್ಶನವು ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಗುಣವನ್ನು ಎಣಿಸದೆ ಕೇವಲ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ರಾಜಕಾರಣಿಗಳ ಹೆಸರಿನಿಂದ ಹುಟ್ಟಿದ ಆಡುನುಡಿಗಳಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ; ಹೆಸರೇ ಗುಣವಾಗಿ, ಬಹುಮಟ್ಟಿಗೆ ದುರ್ಗುಣವಾಗಿ ನಿಲ್ಲುತ್ತದೆ.

ನಮ್ಮ ದೇಶದ ಪ್ರಸಿದ್ಧ ಉದಾಹರಣೆ 'ಆಯಾರಾಮ್ ಗಯಾರಾಮ್'. 1967ರಲ್ಲಿ ಹರಿಯಾಣದ ಹಸನ್‌ಪುರದಿಂದ ಪಕ್ಷೇತರರಾಗಿ ಗೆದ್ದ ಗಯಾಲಾಲ್ ಹದಿನೈದು ದಿನಗಳೊಳಗೆ ಮೂರು ಬಾರಿ ಪಕ್ಷ ಬದಲಿಸಿದರು. ಗಯಾರಾಮ ಈಗ ಆಯಾರಾಮನಾದನೆಂದು ರಾವ್ ಬೀರೇಂದ್ರ ಸಿಂಗ್ ಚಂಡೀಗಢದಲ್ಲಿ ಪತ್ರಕರ್ತರ ಮುಂದೆ ಸಾರಿದರು. ಹಿಂದಿಯಲ್ಲಿ 'ಗಯಾ' ಎಂದರೆ 'ಹೋದ' ಎಂದೂ ಅರ್ಥವಿರುವುದರಿಂದ ಶ್ಲೇಷೆ ಕೂಡಿಬಂದಿತು. 'ಲಾಲ್' ಹೇಗೋ 'ರಾಮ್' ಆಯಿತು.

ಶ್ಲೇಷೆ ಚುರುಕಾದುದೇ ಸರಿ, ನ್ಯಾಯವಾದುದೇ? ಬೀರೇಂದ್ರ ಸಿಂಗರೂ ಅದೇ ವರ್ಷ ಕಾಂಗ್ರೆಸ್ಸನ್ನು ತೊರೆದು ಮುಖ್ಯಮಂತ್ರಿಗಳಾದವರು. ಅವರ ಹೆಸರು ಗಾದೆಯಾಗಲಿಲ್ಲ. ಅನೇಕರು ಮಾಡಿದ ತಪ್ಪಿಗೆ ದಲಿತ ಸಮುದಾಯದ ಒಬ್ಬ ಶಾಸಕನ ಹೆಸರು ಶಾಶ್ವತ ಗುರುತಾಯಿತು. ಇದು ಶಬ್ದದ ಅಂದವನ್ನು ಮೀರಿದ ಪ್ರಶ್ನೆ.

ಪ್ರಮಾದದಿಂದ ಅಸತ್ತನ್ನು ನುಡಿಯುವುದೇ ಅನೃತವೆಂದು ತತ್ತ್ವಾರ್ಥಸೂತ್ರದ ನಿರೂಪಣೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ 'ಅಸತ್' ಎಂದರೆ ಅಪ್ರಶಸ್ತವೆಂದೂ, ಇದ್ದುದನ್ನು ಹೇಳಲಿ ಇಲ್ಲದ್ದನ್ನು ಹೇಳಲಿ ಪ್ರಾಣಿಗೆ ಪೀಡೆ ತರುವ ಮಾತು ಅಪ್ರಶಸ್ತವೆಂದೂ ವಿವರಿಸುತ್ತಾರೆ. ಗಯಾಲಾಲರು ಪಕ್ಷ ಬದಲಿಸಿದ್ದು ನಿಜ. ಆ ನಿಜವೊಂದೇ ಆಡುನುಡಿಯನ್ನು ಸತ್ಯವ್ರತಕ್ಕೆ ಒಪ್ಪುವಂತೆ ಮಾಡದು.

ಆದರೆ ಸಾರ್ವಜನಿಕ ಅಪರಾಧವನ್ನು ಹೆಸರಿಸಲೇಬಾರದೇ? ನಾರ್ವೆಯ ಕ್ವಿಸ್ಲಿಂಗ್ 1940ರಲ್ಲಿ ನಾಜಿ ಆಕ್ರಮಣಕಾರರ ಪಕ್ಷ ವಹಿಸಿ, 1945ರಲ್ಲಿ ಮರಣದಂಡನೆಗೆ ಗುರಿಯಾದನು. ಅವನ ಹೆಸರು ದೇಶದ್ರೋಹಿ ಎಂಬ ಅರ್ಥದಲ್ಲಿ ಇಂಗ್ಲಿಷಿಗೂ ಸೇರಿತು. ಇಲ್ಲಿ ಹೆಸರಿಗೂ ಕೃತ್ಯಕ್ಕೂ ಅಂತರ ಕಡಿಮೆ. ಅಮೆರಿಕದ ಎಲ್‌ಬ್ರಿಜ್ ಗೆರಿಯ ಸಂಗತಿ ಬೇರೆ. 1812ರಲ್ಲಿ ಮ್ಯಾಸಚೂಸೆಟ್ಸಿನ ಗವರ್ನರನಾಗಿ ಅವನು ಪಕ್ಷದ ಅನುಕೂಲಕ್ಕೆ ಕ್ಷೇತ್ರಗಳ ಗಡಿ ಬಳಸಿದ ಮಸೂದೆಗೆ ಸಹಿ ಹಾಕಿದನು. ಒಂದು ಕ್ಷೇತ್ರದ ಆಕಾರ ಸ್ಯಾಲಮಾಂಡರನ್ನು ಹೋಲಿದ್ದರಿಂದ 'ಗೆರಿಮ್ಯಾಂಡರ್' ಹುಟ್ಟಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದವರಲ್ಲಿ ಅವನೂ ಒಬ್ಬ ಎಂಬುದನ್ನು ಆ ಶಬ್ದ ಮುಚ್ಚಿತು.

ಕನ್ನಡದಲ್ಲಿ 'ಪಕ್ಷಾಂತರ' ಎಂಬ ಮಾತಿದೆ. ಅದು ಕೃತ್ಯವನ್ನು ಹೇಳುತ್ತದೆ, ಯಾರ ಮನೆತನವನ್ನೂ ಎಳೆಯುವುದಿಲ್ಲ. 1985ರ 52ನೆಯ ಸಂವಿಧಾನ ತಿದ್ದುಪಡಿ ತಡೆಯಹೊರಟದ್ದೂ ಆ ಕೃತ್ಯವನ್ನೇ. ಬಸದಿಯ ಆಡಳಿತ ಸಮಿತಿಯಲ್ಲಿ ಬಣ ಬದಲಿಸಿದ ಸದಸ್ಯರನ್ನು 'ಗಯಾರಾಮ್' ಎಂದು ನಗುವವರಿಗೆ ಈ ಶಬ್ದವೂ ಸುಲಭವಾಗಿ ದೊರೆಯುತ್ತದೆ. ನಗು ಮಾತ್ರ ಬರುವುದಿಲ್ಲ.